ತಟ್ಟೆಯಲ್ಲಿ ಸತ್ತ ಕೋಶ

ನಮ್ಮ ವಾಚನಾಲಯಕ್ಕೆ ತಪ್ಪದೆ ಬರುವ ಮಿತ್ರರೊಬ್ಬರು ಕಳೆದ ತಿಂಗಳು ವೃತ್ತಪತ್ರಿಕೆಯ ತುಣುಕೊಂದನ್ನು ನನ್ನ ಮೇಜಿನ ಮೇಲಿಟ್ಟರು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತು ಪ್ರಯೋಗಶಾಲೆಯಲ್ಲಿ ಚರ್ಮದ ಕ್ಯಾನ್ಸರ್ ಕೋಶಗಳನ್ನು ಕೊಂದಿತೆಂದು ಅದರಲ್ಲಿತ್ತು. ಅವರ ಅಂಗಾಲಿನಲ್ಲಿ ಕಪ್ಪು ಮಚ್ಚೆಯೊಂದು ಹರಡುತ್ತಿದೆ. ಅರಿಶಿನ ಅರೆದು ಹಚ್ಚುತ್ತಿದ್ದರು. "ಸುದ್ದಿ ಸುಳ್ಳೇನು?" ಎಂದು ಕೇಳಿದರು. ಸುಳ್ಳಲ್ಲ. ಆದರೆ ಅದರ ಅರ್ಥವೆಷ್ಟು ಎಂಬುದನ್ನು ಬಿಡಿಸಿ ನೋಡಬೇಕು. ನಾನು ವೈದ್ಯನಲ್ಲ, ಗಿರಣಿಯ ಗುಮಾಸ್ತ. ಓದಿ ತಿಳಿದುದನ್ನಷ್ಟೇ ಬರೆಯುತ್ತೇನೆ.

ರೋಗಿಯ ಗಡ್ಡೆಯಿಂದ ತೆಗೆದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ, ಪೋಷಕ ದ್ರವದೊಳಗೆ, 37 ಡಿಗ್ರಿ ಬಿಸಿಯಲ್ಲಿಟ್ಟರೆ ಕೆಲವು ಬೆಳೆಯುತ್ತಲೇ ಹೋಗುತ್ತವೆ. ಎ-375 ಎಂಬ ಕೋಶವಂಶ 54 ವರ್ಷದ ಸ್ತ್ರೀಯೊಬ್ಬಳ ಮೆಲನೋಮಾದಿಂದ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರಿನಿಂದ, ಬಂದದ್ದು. 1973ರಲ್ಲಿ ಅದರ ವರದಿ ಪ್ರಕಟವಾಯಿತು. ಇಂದಿಗೂ ಅನೇಕ ದೇಶಗಳಲ್ಲಿ ಅದರ ಮೇಲೆ ಪ್ರಯೋಗ ನಡೆಯುತ್ತಿದೆ.

ಇಂಥ ತಟ್ಟೆಗೆ ಸೋಪಿನ ನೀರು ಸುರಿದರೂ ಕೋಶ ಸಾಯುತ್ತದೆ. ಕೊಲ್ಲುವುದು ದೊಡ್ಡ ಮಾತಲ್ಲ. ಹೊಟ್ಟೆ, ಯಕೃತ್ತು, ರಕ್ತಗಳನ್ನು ದಾಟಿ ಗಡ್ಡೆಯವರೆಗೆ ಸಾಕಷ್ಟು ತಲುಪಿ, ಪಕ್ಕದ ಒಳ್ಳೆಯ ಕೋಶವನ್ನು ಉಳಿಸಿ ಕೊಲ್ಲಬೇಕು. ಕರ್ಕ್ಯುಮಿನ್ ತಿಂದರೆ ರಕ್ತಕ್ಕೆ ಸೇರುವುದು ಅತ್ಯಲ್ಪ. ಅರಿಶಿನ ಹಚ್ಚಿ ಮೆಲನೋಮಾ ವಾಸಿಯಾದುದಕ್ಕೂ ಆಧಾರವಿಲ್ಲ. ಮೇಲಾಗಿ ಹಳದಿ ಬಣ್ಣದಡಿಯಲ್ಲಿ ಮಚ್ಚೆಯ ನಿಜವಾದ ಬಣ್ಣವೇ ಕಾಣದು!

ತಟ್ಟೆಯಿಂದ ಮೈಯವರೆಗೆ ದಾಟಿದ ಔಷಧವೂ ಉಂಟು. 2002ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ವಿಜ್ಞಾನಿಗಳು ಬಹಳಷ್ಟು ಮೆಲನೋಮಾಗಳಲ್ಲಿ ಬಿರಾಫ್ ಎಂಬ ಜೀನು ಕೆಟ್ಟಿರುವುದನ್ನು ಕಂಡರು. ಮಗ್ಗದ ಹಿಡಿ 'ಚಾಲೂ' ಕಡೆಗೇ ಸಿಕ್ಕಿಬಿದ್ದಂತೆ, ಕೋಶಕ್ಕೆ "ಬೆಳೆ, ಬೆಳೆ" ಎಂಬ ಆಜ್ಞೆ ನಿಲ್ಲುವುದೇ ಇಲ್ಲ. ಆ ಹಿಡಿಯನ್ನು ತಡೆಯುವ ವೆಮುರಾಫೆನಿಬ್ ಎಂಬ ಔಷಧವನ್ನು 675 ರೋಗಿಗಳಲ್ಲಿ ಹಳೆಯ ಔಷಧದೊಡನೆ ಹೋಲಿಸಿ ನೋಡಿದರು. ಆರು ತಿಂಗಳಿಗೆ ಹಳೆಯದನ್ನು ಪಡೆದವರಲ್ಲಿ ನೂರಕ್ಕೆ 64 ಮಂದಿ ಬದುಕಿದ್ದರು, ಹೊಸದನ್ನು ಪಡೆದವರಲ್ಲಿ 84. 2011ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು.

ನನ್ನನ್ನು ಬೆರಗುಗೊಳಿಸಿದ್ದು ಇದರ ಮುಂದಿನ ಕಥೆ. ಜೀನು ಕೆಡದ ಕೆಲವು ಕೋಶಗಳಿಗೆ ಅದೇ ಔಷಧ ಕೊಟ್ಟಾಗ ಬೆಳೆಯುವ ಆಜ್ಞೆ ತಗ್ಗುವ ಬದಲು ಹೆಚ್ಚಿತು! ರೋಗಿಗಳಲ್ಲಿಯೂ ಸುಮಾರು ಐವರಲ್ಲೊಬ್ಬರಿಗೆ ಬೇರೊಂದು ಬಗೆಯ ಚರ್ಮದ ಕ್ಯಾನ್ಸರ್ ಹುಟ್ಟಿತು. ಪುಣ್ಯಕ್ಕೆ ಅದು ಕತ್ತರಿಸಿ ತೆಗೆಯಬಹುದಾದದ್ದು. ಇನ್ನೊಂದು ತೊಡಕು: ಸಾಮಾನ್ಯವಾಗಿ ಐದಾರು ತಿಂಗಳಲ್ಲಿ ಗಡ್ಡೆ ಅಡ್ಡದಾರಿ ಹುಡುಕಿಕೊಂಡು ಮತ್ತೆ ಬೆಳೆಯುತ್ತಿತ್ತು. ಆದುದರಿಂದ ಮುಂದಿನ ಹಿಡಿಯನ್ನೂ ಕೂಡಿಯೇ ತಡೆಯುವ ಜೋಡಿ ಔಷಧಗಳು 2014ರಿಂದ ಬಂದವು. ಇವುಗಳಿಂದ ಮೊದಲಿನದಕ್ಕಿಂತ ಹೆಚ್ಚು ಕಾಲ ತಡೆ ಸಿಕ್ಕಿತು. ಆ ಹೊಸ ಕ್ಯಾನ್ಸರೂ ಕಡಿಮೆಯಾಯಿತು.

ನಮ್ಮ ದೇಶದಲ್ಲಿ ಮೆಲನೋಮಾ ಅಪರೂಪ. ಬಂದರೆ ಅಂಗಾಲು, ಅಂಗೈ, ಉಗುರಿನಡಿಯಲ್ಲಿಯೂ ಬರುತ್ತದೆ, ಅಲ್ಲಿ ಬಿರಾಫ್ ದೋಷ ಕಡಿಮೆ. ಚೂರು ತೆಗೆದು ಪರೀಕ್ಷಿಸದೆ ಮಚ್ಚೆ ಯಾವುದೆಂದೂ ತಿಳಿಯದು, ಔಷಧ ಯಾವುದೆಂದೂ ತಿಳಿಯದು.

ಇಷ್ಟನ್ನು ಮಿತ್ರರಿಗೆ ಹೇಳಲು ಎರಡು ಸಂಜೆ ಹಿಡಿಯಿತು. ಕೊನೆಗೆ ರಜೆ ಹಾಕಿ, 1941ರಿಂದ ಪರೇಲಿನಲ್ಲಿರುವ ಟಾಟಾ ಆಸ್ಪತ್ರೆಗೆ ಇಬ್ಬರೂ ಹೋಗಿಬಂದೆವು. ಅಂಗಾಲಿನ ಚೂರನ್ನು ತೆಗೆದಿದ್ದಾರೆ. ವರದಿ ಬರುವ ಸೋಮವಾರ ಸಿಗಲಿದೆ.