ಖಿನ್ನತೆ, ಆತಂಕ ಮತ್ತು ಮಿದುಳು

ಮಳೆ ಕೈಕೊಟ್ಟು ಬ್ಯಾಡಗಿಯ ಮೆಣಸಿನಕಾಯಿ ಬೆಳೆಗಾರನೋ ರಾಣೇಬೆನ್ನೂರಿನ ಗೋವಿನಜೋಳದ ರೈತನೋ ಮಂಕಾಗಿ ಕುಳಿತರೆ ‘ಮನಸ್ಸು ಗಟ್ಟಿ ಮಾಡಿಕೊ’ ಎನ್ನುವುದು ನಮ್ಮಲ್ಲಿ ರೂಢಿ. ಆದರೆ ಬೇಸರ, ನಿರಾಸಕ್ತಿ, ನಿದ್ರಾಹೀನತೆಗಳು ಎರಡು ವಾರ ಮೀರಿ ಮುಂದುವರಿದರೆ ಅದು ಖಿನ್ನತೆಯಾಗಿರಬಹುದು. ಅಕಾರಣ ಭಯ, ಎದೆಬಡಿತ, ನಡುಕಗಳು ಆತಂಕದ ಲಕ್ಷಣಗಳು. ಇವೆರಡೂ ಒಟ್ಟಿಗೆ ಕಾಣಿಸಿಕೊಳ್ಳುವುದು ಸಾಮಾನ್ಯ.

ಇವು ಮನೋದೌರ್ಬಲ್ಯವಲ್ಲ, ಮಿದುಳಿಗೂ ಸಂಬಂಧಿಸಿದ ಕಾಯಿಲೆಗಳು. ಮಿದುಳಿನಲ್ಲಿ ಬಾದಾಮಿಯಾಕಾರದ ಅಮಿಗ್ಡಲಾ ಅಪಾಯವನ್ನು ಗುರುತಿಸಿ ಎಚ್ಚರಿಸುತ್ತದೆ. ಹಣೆಯ ಹಿಂದಿನ ಮುಂಭಾಗವು ಆ ಭಯವನ್ನು ವಿವೇಕದಿಂದ ಹತೋಟಿಯಲ್ಲಿಡುತ್ತದೆ. ಹಿಪ್ಪೊಕ್ಯಾಂಪಸ್ ಎಂಬ ಭಾಗವು ನೆನಪುಗಳನ್ನು ರೂಪಿಸುತ್ತದೆ. ಆತಂಕದಲ್ಲಿ ಅಮಿಗ್ಡಲಾ ಅತಿಯಾಗಿ ಪ್ರತಿಕ್ರಿಯಿಸುವುದನ್ನು ಅನೇಕ ಅಧ್ಯಯನಗಳು ತೋರಿಸಿವೆ.

2016ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಖಿನ್ನತೆಯುಳ್ಳ 1,728 ಜನರ ಹಾಗೂ 7,199 ಆರೋಗ್ಯವಂತರ ಮಿದುಳಿನ ಚಿತ್ರಗಳನ್ನು ಹೋಲಿಸಿತು. ಖಿನ್ನತೆಯುಳ್ಳವರಲ್ಲಿ ಹಿಪ್ಪೊಕ್ಯಾಂಪಸ್ ಸರಾಸರಿ ಶೇಕಡಾ 1.2ರಷ್ಟು ಚಿಕ್ಕದಾಗಿತ್ತು. ಕಾಯಿಲೆ ಮರುಕಳಿಸಿದವರಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿತ್ತು. ಮೊದಲ ಸಲ ಕಾಯಿಲೆಗೊಳಗಾದವರಲ್ಲಿ ಕಂಡುಬರಲಿಲ್ಲ. ಆದ್ದರಿಂದ ಚಿಕಿತ್ಸೆಯನ್ನು ಮುಂದೂಡದಿರುವುದು ಲೇಸು.

ಇದು ಸರಾಸರಿಯ ಮಾತೆಂಬುದನ್ನು ಮರೆಯಬಾರದು. ಹೊಲದ ಒಟ್ಟು ಇಳುವರಿಯನ್ನು ತಿಳಿದ ಮಾತ್ರಕ್ಕೆ ಒಂದು ಗಿಡದ ಕಾಯಿಗಳನ್ನು ಎಣಿಸಲಾಗದು. ಹಾಗೆಯೇ ಒಬ್ಬರ ಸ್ಕ್ಯಾನ್ ನೋಡಿ ಖಿನ್ನತೆಯಿದೆ ಅಥವಾ ಇಲ್ಲವೆಂದು ನಿರ್ಣಯಿಸಲಾಗದು. ಗಡ್ಡೆ, ಪಾರ್ಶ್ವವಾಯು ಮುಂತಾದವುಗಳ ಶಂಕೆಯಿದ್ದಾಗ ವೈದ್ಯರೇ ಎಂ.ಆರ್.ಐ. ಸೂಚಿಸುತ್ತಾರೆ. ಖಿನ್ನತೆಯನ್ನು ಪತ್ತೆಹಚ್ಚಲೆಂದು ಸಾಲ ಮಾಡಿ ಸ್ಕ್ಯಾನ್ ಮಾಡಿಸಬೇಕಿಲ್ಲ. ‘ಸ್ಕ್ಯಾನ್ ಸರಿಯಾಗಿದೆ, ಕಾಯಿಲೆ ಬರೀ ನಾಟಕ’ ಎಂದು ರೋಗಿಯನ್ನು ಜರೆಯುವುದಂತೂ ಅನ್ಯಾಯ. ರೋಗಿಯ ಮಾತನ್ನು ತಾಳ್ಮೆಯಿಂದ ಆಲಿಸುವುದೇ ಇಲ್ಲಿ ಮುಖ್ಯ ಪರೀಕ್ಷೆ.

ಮಿದುಳು ಕಲ್ಲಲ್ಲ, ಅದು ಬದಲಾಗಬಲ್ಲದು. ಆಪ್ತಸಮಾಲೋಚನೆ, ಔಷಧ, ನಿಯಮಿತ ನಡಿಗೆ, ಸಕಾಲದ ನಿದ್ರೆಗಳಿಂದ ಬಹುಜನರು ಚೇತರಿಸಿಕೊಳ್ಳುತ್ತಾರೆ. ಔಷಧದ ಗುಣ ಕಾಣಲು ಕೆಲವು ವಾರಗಳು ಬೇಕು. ಸ್ವಲ್ಪ ಹಗುರವೆನಿಸಿತೆಂದು ತಾವಾಗಿಯೇ ನಿಲ್ಲಿಸಬಾರದು.

ಹಾವೇರಿಯ ಜಿಲ್ಲಾಸ್ಪತ್ರೆಯಲ್ಲಿ ಮೊದಲು ವಿಚಾರಿಸಬಹುದು. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಹಾಗೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗಳಿವೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416 ಸಂಖ್ಯೆಗೆ, ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಸಾಯುವ ಮಾತನ್ನು ಯಾರಾದರೂ ಆಡಿದರೆ ಹಗುರವಾಗಿ ಎಣಿಸದಿರಿ. ಅವರನ್ನು ಒಂಟಿಯಾಗಿ ಬಿಡದೆ, ಕೀಟನಾಶಕವನ್ನು ಕೈಗೆಟುಕದಂತೆ ಇರಿಸಿ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.