ಟ್ರ್ಯಾಕ್ಟರ್ ರಸ್ತೆಗೆ ಇಳಿಸೋ ಮುಂಚೆ ಲೈಸೆನ್ಸ್ ನೋಡ್ಕೊಳ್ಳಿ

ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ಸೀಸನ್‌ನಲ್ಲಿ ಡ್ರೈವರ್ ಸಿಗೋದೇ ಕಷ್ಟ. ಹೋದ ವರ್ಷ ಒಣದ್ರಾಕ್ಷಿ ಬಾಕ್ಸ್ ವಿಜಯಪುರಕ್ಕೆ ಒಯ್ಯಲು 17 ವರ್ಷದ ತಮ್ಮನ ಕೈಗೆ ಚಾವಿ ಕೊಟ್ಟಿದ್ದೆ. "ಹೊಲದಾಗ ದಿನಾ ಹೊಡೀತೀನಲ್ಲ ಅಣ್ಣಾ" ಅಂದಿದ್ದ. ಅವ್ವ ಬಿಡಲಿಲ್ಲ. ಆಮೇಲೆ ಕಾನೂನು ಓದಿದಾಗ ನಾನೇ ಬೆವತುಹೋದೆ.

1988ರ ಮೋಟಾರು ವಾಹನ ಕಾಯ್ದೆ ಪ್ರಕಾರ, ಟ್ರ್ಯಾಕ್ಟರ್ ಸಾರ್ವಜನಿಕ ರಸ್ತೆಗೆ ಬಂತೆಂದರೆ:

• ಓಡಿಸುವವರಿಗೆ 18 ತುಂಬಿರಬೇಕು, ಲೈಸೆನ್ಸ್ ಇರಬೇಕು.
• ಕಾರಿನ ಲೈಸೆನ್ಸ್, ಅಂದರೆ ಎಲ್‌ಎಂವಿ, ಸಾಕು. ಖಾಲಿ ತೂಕ 7,500 ಕೆ.ಜಿ. ಮೀರದ ಟ್ರ್ಯಾಕ್ಟರ್ ಅದರಲ್ಲೇ ಬರುತ್ತದೆ. ಬೈಕ್ ಲೈಸೆನ್ಸ್ ನಡೆಯಲ್ಲ.
• ಟ್ರೇಲರ್‌ಗೂ ನೋಂದಣಿ ಬೇಕು.
• 18 ತುಂಬದ ಹುಡುಗರು ಓಡಿಸಿ ತಪ್ಪು ಮಾಡಿದರೆ, 2019ರ ತಿದ್ದುಪಡಿಯಂತೆ ಪಾಲಕರು ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂ. ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು.

ಅಂದ್ರೆ ಅವತ್ತು ಸಿಕ್ಕಿಬಿದ್ದಿದ್ರೆ ಟ್ರ್ಯಾಕ್ಟರ್ ಒಂದು ವರ್ಷ ಮನೆ ಮುಂದೆ ನಿಲ್ತಿತ್ತು.

ತಮ್ಮನಿಗೆ ಈಗ 18. ಮೊಬೈಲ್‌ನಲ್ಲೇ ಸಾರಥಿ ಪೋರ್ಟಲ್ ತೆಗೆದು ಎಲ್‌ಎಲ್‌ಆರ್‌ಗೆ ಅರ್ಜಿ ಹಾಕಿದ್ವಿ. ಎಲ್‌ಎಲ್‌ಆರ್ ಬಂದು 30 ದಿನ ಆದ್ಮೇಲೆ ಡ್ರೈವಿಂಗ್ ಟೆಸ್ಟ್. ಅಲ್ಲೀತನಕ ರಸ್ತೆ ಮೇಲೆ ಸ್ಟೇರಿಂಗ್ ನಂದೇ. ನಿಮ್ಮ ಮನೆಯಲ್ಲಿ ಚಾವಿ ಯಾರ ಕೈಯಲ್ಲಿದೆ, ಇವತ್ತೇ ನೋಡಿ.