ಸಾಗಿಸುವ ಮುನ್ನ ಓದಿಕೋ

ಪುಟ್ಟಾ, ಕೆಲಸಕ್ಕೆ ಸೇರಿದ ತಿಂಗಳಲ್ಲೇ ಮುಖ ಸಪ್ಪಗೆ ಮಾಡಿಕೊಂಡಿದ್ದೀಯಂತೆ. ಗೆಳೆಯರಿಗೆಲ್ಲ ಹೊಸ ಹೊಸ ಕೆಲಸ, ನಿನಗೆ ಮಾತ್ರ ಮೇನ್‌ಫ್ರೇಮಿನ ಕೋಬಾಲ್ ಪ್ರೋಗ್ರಾಮುಗಳನ್ನು ಲಿನಕ್ಸ್‌ಗೆ ಸಾಗಿಸುವ ಪಾಡು. "ಅಜ್ಜನ ಕಾಲದ ಕೋಡ್" ಅಂದೆಯಂತೆ. ನಿಜವೇ. ಅಂಥದ್ದನ್ನು ಬರೆದ ಅಜ್ಜಂದಿರಲ್ಲಿ ನಾನೂ ಒಬ್ಬ. ಆ ಸಲುಗೆಯಿಂದ ನಾಲ್ಕು ಮಾತು ಹೇಳುತ್ತೇನೆ, ಕೇಳಿಸಿಕೋ.

ಮೊದಲನೆಯದಾಗಿ, ಫೈಲಿನಲ್ಲಿರುವುದೆಲ್ಲ ಅಕ್ಷರವೇ ಎಂದು ನಂಬಬೇಡ. ಐಬಿಎಂ 1964ರಲ್ಲಿ ಸಿಸ್ಟಮ್/360 ತಂದಾಗಿನಿಂದ ಅದರ ಮೇನ್‌ಫ್ರೇಮುಗಳ ಅಕ್ಷರಸಂಕೇತ ಎಬ್ಸಿಡಿಕ್. ನಿನ್ನ ಲಿನಕ್ಸ್ ಬಲ್ಲದ್ದು ಆಸ್ಕಿ. ಇಂಗ್ಲಿಷಿನ ದೊಡ್ಡ ‘ಎ’ಗೆ ಅಲ್ಲಿ 193, ಇಲ್ಲಿ 65. ಪಟ್ಟಿ ನೋಡಿ ಬದಲಿಸಿದರಾಯಿತಲ್ಲ ಅನ್ನುತ್ತೀಯ. ನಾನೂ ಹಾಗೇ ಅಂದುಕೊಂಡು, ಒಂದು ಸಂಬಳದ ಫೈಲನ್ನು ಇಡಿಯಾಗಿ ಪರಿವರ್ತಕಕ್ಕೆ ಕೊಟ್ಟೆ. ಹೆಸರು, ಊರು ಎಲ್ಲ ಮುತ್ತಿನಂತೆ ಬಂದವು. 125 ರೂಪಾಯಿಯ ಭತ್ಯೆ ಮಾತ್ರ 122 ಆಗಿತ್ತು.

ಯಾಕೆ ಗೊತ್ತೇ? ಜಾಗ ಉಳಿಸಲೆಂದು ನಾವು ಒಂದು ಬೈಟಿಗೆ ಎರಡು ಅಂಕಿ ತುಂಬಿ, ಕೊನೆಯ ಅರ್ಧ ಬೈಟಿನಲ್ಲಿ ಧನ, ಋಣದ ಚಿಹ್ನೆ ಇಡುತ್ತಿದ್ದೆವು. 125 ಎಂದರೆ ಹೆಕ್ಸ್‌ನಲ್ಲಿ 12, 5ಸಿ, ಎರಡೇ ಬೈಟು. ಆ 5ಸಿ ಎಬ್ಸಿಡಿಕ್‌ನಲ್ಲಿ ಸ್ಟಾರ್ ಗುರುತೂ ಹೌದು. ಪರಿವರ್ತಕ ಅದನ್ನು ಸ್ಟಾರ್ ಎಂದೇ ತಿಳಿದು ಆಸ್ಕಿಯ ಸ್ಟಾರ್ ಆದ 2ಎ ಮಾಡಿತು. 5 ಇದ್ದಲ್ಲಿ 2 ಬಂದು ಕೂತಿತು. ಪಕ್ಕದ ‘ಎ’ಯನ್ನೂ ಯಂತ್ರ ಧನ ಚಿಹ್ನೆಯೆಂದೇ ಒಪ್ಪಿಕೊಂಡಿತು. ಒಂದು ಎರರ್ ಕೂಡ ಬರಲಿಲ್ಲ. ಕೈಲೆಕ್ಕದಲ್ಲಿ ಮೊತ್ತ ಕೂಡಿಸಿ ನೋಡಿದ ಗುಮಾಸ್ತರು ಹಿಡಿದರು. ಅಂದಿನಿಂದ, ಯಾವ ಅಂಕಣದಲ್ಲಿ ಏನಿದೆ ಎಂದು ಕಾಪಿಬುಕ್ ಓದದೆ ನಾನು ಒಂದು ಬೈಟನ್ನೂ ಮುಟ್ಟಿದವನಲ್ಲ.

ಎರಡನೆಯದು ಸರದಿ. ಎಬ್ಸಿಡಿಕ್‌ನಲ್ಲಿ ಅಕ್ಷರ ಮೊದಲು, ಅಂಕಿ ಆಮೇಲೆ, ಆಸ್ಕಿಯಲ್ಲಿ ತಿರುಗಾಮುರುಗಾ. ಸರದಿಯನ್ನೇ ನಂಬಿ ಎರಡು ಫೈಲು ಹೊಂದಿಸುವ ಪ್ರೋಗ್ರಾಮು ಅಲ್ಲಿ ಮುಗ್ಗರಿಸುತ್ತದೆ.

ಇನ್ನು, ಅರ್ಥವಿಲ್ಲದ್ದೆನಿಸುವ ಸಾಲು ಕಂಡರೆ ಅಳಿಸಲು ಕೈ ತುರಿಸುತ್ತದೆ. ತಡೆ. ಅದರ ಹಿಂದೆ ಎಂದೋ ಬಂದ ಸುತ್ತೋಲೆ ಇರಬಹುದು, ಯಾರೋ ಪಟ್ಟ ಪೆಟ್ಟಿರಬಹುದು. ಲೆಕ್ಕಪತ್ರದ ಹಿರಿಯರನ್ನು ಹುಡುಕಿಕೊಂಡು ಹೋಗಿ ಕೇಳು. ಕೇಳಿದರೆ ಗೌರವವೇನೂ ಕಡಿಮೆಯಾಗುವುದಿಲ್ಲ.

ಕಡೆಯದಾಗಿ, ಹೊಸದು ಓಡಿತೆಂದು ಹಳೆಯದನ್ನು ಅಂದೇ ನಿಲ್ಲಿಸಬೇಡ. ಎರಡನ್ನೂ ಜೊತೆಯಲ್ಲೇ ಓಡಿಸು. ತಿಂಗಳ ಕೊನೆ ದಾಟಲಿ, ಮಾರ್ಚ್ 31 ದಾಟಲಿ, ಪೈಸೆಗೆ ಪೈಸೆ ತಾಳೆಯಾಗಲಿ. ಮ್ಯಾನೇಜರು ಅವಸರ ಮಾಡಿದರೆ ನನ್ನ 122ರ ಕಥೆ ಹೇಳು. ಕಡಿಮೆ ಬಿದ್ದ ಆ 3 ರೂಪಾಯಿ ಫೈಲಿನದಲ್ಲ ಮಗೂ, ಒಬ್ಬರ ಸಂಬಳದ್ದು.